ಚಿಕ್ಕ ಐಎಸ್‌ಪಿಗೆ ಸ್ವಂತ ಐಪಿ ಬ್ಲಾಕ್: ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು, ಸಿಕ್ಕಮೇಲೆ ಏನು ಮಾಡಬೇಕು

ತಾಲ್ಲೂಕು ಮಟ್ಟದಲ್ಲಿ ಫೈಬರ್ ಎಳೆದು ಐನೂರು, ಸಾವಿರ, ಎರಡು ಸಾವಿರ ಮನೆಗೆ ಇಂಟರ್‌ನೆಟ್ ಕೊಡುತ್ತಿರುವವರು, ಅಂದರೆ ಚಿಕ್ಕ ಐಎಸ್‌ಪಿಗಳು, ನಮ್ಮಲ್ಲಿ ಬಹಳ ಜನ ಇದ್ದಾರೆ. ಹೆಚ್ಚಿನವರು ಮೊದಲು ಕೇಬಲ್ ಟಿವಿ ನಡೆಸುತ್ತಿದ್ದವರು. ಕಂಬ ಹತ್ತೋದು, ಫೈಬರ್ ಬೆಸೆಯುವ ಸ್ಪ್ಲೈಸಿಂಗ್, ಮನೆಗಳ ಫೈಬರ್ ಬಂದು ಸೇರುವ ಒಎಲ್‌ಟಿ ಪೆಟ್ಟಿಗೆ, ಬಿಲ್ಲಿಂಗ್ ಎಲ್ಲ ಇವರಿಗೆ ಚೆನ್ನಾಗಿ ಗೊತ್ತು. ಆದರೆ ಐಪಿ ವಿಳಾಸದ (ಇಂಟರ್‌ನೆಟ್‌ನಲ್ಲಿ ಒಂದೊಂದು ಸಂಪರ್ಕವನ್ನು ಗುರುತಿಸುವ ನಂಬರಿನ) ಮಾತು ಬಂದರೆ ಮಾತ್ರ ಅಪ್‌ಸ್ಟ್ರೀಮ್ ಕಂಪನಿ, ಅಂದರೆ ಇವರಿಗೆ ಸಗಟಾಗಿ ಬ್ಯಾಂಡ್‌ವಿಡ್ತ್ ಮಾರುವ ದೊಡ್ಡ ಕಂಪನಿ, ಕೊಟ್ಟಿದ್ದೇ ಪ್ರಸಾದ ಅಂತ ಸುಮ್ಮನಾಗಿಬಿಡುತ್ತಾರೆ. ಅವರು ಎಂಟೋ ಹದಿನಾರೋ ಪಬ್ಲಿಕ್ ಐಪಿ (ಹೊರಜಗತ್ತಿಗೆ ಕಾಣುವ ವಿಳಾಸ) ಕೊಡುತ್ತಾರೆ, ಜಾಸ್ತಿ ಬೇಕು ಅಂದರೆ ಒಂದೊಂದಕ್ಕೂ ತಿಂಗಳ ಬಾಡಿಗೆ ಹಾಕುತ್ತಾರೆ, ಇಡೀ ಊರಿನ ಟ್ರಾಫಿಕ್ ಆ ಹದಿನಾರರ ಹಿಂದೆ ನುಸುಳಬೇಕು.

ಇದರ ನಿಜವಾದ ಬಿಸಿ ತಟ್ಟುವುದು ಅಪ್‌ಸ್ಟ್ರೀಮ್ ಬದಲಿಸಲು ಹೊರಟಾಗ. ಬೇರೆ ಕಂಪನಿ ಕಡಿಮೆ ದರಕ್ಕೆ ಬ್ಯಾಂಡ್‌ವಿಡ್ತ್ ಕೊಡುತ್ತೇನೆ ಅನ್ನುತ್ತದೆ, ನೀವೂ ಸರಿ ಅನ್ನುತ್ತೀರಿ. ಆದರೆ ಸೊಸೈಟಿ ಬ್ಯಾಂಕಿನ ವಿಪಿಎನ್, ಅಡಿಕೆ ಮಂಡಿಯ ಸಿಸಿಟಿವಿ, ನರ್ಸಿಂಗ್ ಹೋಮಿನ ಸರ್ವರ್ ಎಲ್ಲದಕ್ಕೂ ಹಳೆ ಕಂಪನಿಯ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ, ಕೊಟ್ಟು ಕೂತಿದ್ದೀರಿ. ಮೊಬೈಲ್ ನಂಬರ್ ಪೋರ್ಟ್ ಮಾಡಿಸಿಕೊಂಡ ಹಾಗೆ ಐಪಿ ಪೋರ್ಟ್ ಆಗುವುದಿಲ್ಲ. ಕಂಪನಿ ಬಿಟ್ಟರೆ ಐಪಿಯನ್ನೂ ಬಿಡಬೇಕು. ಎರಡು ಅಪ್‌ಸ್ಟ್ರೀಮ್ ಇಟ್ಟುಕೊಂಡರೂ ಇದೇ ಕಥೆ: ರಸ್ತೆ ಅಗೆಯುವ ಜೆಸಿಬಿ ಒಂದು ಫೈಬರ್ ಕತ್ತರಿಸಿದರೆ ಮನೆಯವರ ಯೂಟ್ಯೂಬ್ ಹೇಗೋ ಇನ್ನೊಂದು ಲೈನಿಗೆ ಹೊರಳುತ್ತದೆ, ಆದರೆ ಆ ಸ್ಟ್ಯಾಟಿಕ್ ಐಪಿಗಳು ಸತ್ತುಬೀಳುತ್ತವೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಲೈಸೆನ್ಸ್ ಕೈಗೆ ಬಂದ ಕೂಡಲೇ ಎಎಸ್ ನಂಬರ್ (ಇಂಟರ್‌ನೆಟ್‌ನಲ್ಲಿ ನಿಮ್ಮ ನೆಟ್‌ವರ್ಕಿನ ಗುರುತಿನ ಸಂಖ್ಯೆ), ಐಪಿವಿ4 (ಹಳೆ ಮಾದರಿಯ ಐಪಿ ವಿಳಾಸ), ಐಪಿವಿ6 (ಹೊಸ ಮಾದರಿಯ ಉದ್ದದ ವಿಳಾಸ) ಮೂರಕ್ಕೂ ಒಟ್ಟಿಗೆ ಅರ್ಜಿ ಹಾಕಿ. ಗ್ರಾಹಕರು ಜಾಸ್ತಿ ಆಗಲಿ, ಆಮೇಲೆ ನೋಡೋಣ ಅಂತ ಕೂತವರೇ ಆಮೇಲೆ ರಾತ್ರಿ ಎರಡು ಗಂಟೆಗೆ ಒಬ್ಬೊಬ್ಬ ಗ್ರಾಹಕರ ಐಪಿ ಬದಲಿಸುತ್ತಾ ಕೂರುವುದು.

ಖಾಲಿಯಾಗಿದೆ ಅಂತಾರಲ್ಲ, ಮತ್ತೆ ಎಲ್ಲಿಂದ ಸಿಗುತ್ತೆ?

ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಜಗತ್ತಿನ ಮೂಲ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಬ್ಲಾಕುಗಳನ್ನು 2011ರ ಫೆಬ್ರವರಿ 3ರಂದು ವಿಳಾಸ ಹಂಚಿ ದಾಖಲೆ ಇಡುವ ಐದು ಪ್ರಾದೇಶಿಕ ರಿಜಿಸ್ಟ್ರಿಗಳಿಗೆ ಒಂದೊಂದರಂತೆ ಹಂಚಿ ಮುಗಿಸಿದರು. ನಮ್ಮ ಭಾಗದ ರಿಜಿಸ್ಟ್ರಿ ಅಪ್ನಿಕ್. ಏಷ್ಯಾದಲ್ಲಿ ಬೇಡಿಕೆ ಎಷ್ಟಿತ್ತೆಂದರೆ ಅದೇ ವರ್ಷ ಏಪ್ರಿಲ್ 15ಕ್ಕೇ ಅವರು ತಮ್ಮ ಕೊನೆಯ ಬ್ಲಾಕಿಗೆ ಬಂದು ನಿಂತರು. ಅದು 103ರಿಂದ ಶುರುವಾಗುವ ಬ್ಲಾಕ್. ನಮ್ಮ ಕಡೆಯ ಚಿಕ್ಕ ಐಎಸ್‌ಪಿಗಳಲ್ಲಿ ಹೆಚ್ಚಿನವರ ಐಪಿ 103ರಿಂದಲೇ ಶುರುವಾಗುವುದನ್ನು ನೋಡಿರುತ್ತೀರಿ, ಕಾರಣ ಇದೇ.

ಆ ಕೊನೆಯ ಬ್ಲಾಕನ್ನು ದೊಡ್ಡವರು ಒಂದೇ ಗುಕ್ಕಿಗೆ ನುಂಗದ ಹಾಗೆ ರೇಷನ್ ಪದ್ಧತಿ ಮಾಡಿದರು. ಮೊದಲು ಒಬ್ಬ ಸದಸ್ಯನಿಗೆ ಹೆಚ್ಚೆಂದರೆ ಸ್ಲ್ಯಾಶ್ 22, ಅಂದರೆ 1024 ವಿಳಾಸ (ಸ್ಲ್ಯಾಶ್ ಮುಂದಿನ ಅಂಕಿ ಒಂದು ಹೆಚ್ಚಾದರೆ ಬ್ಲಾಕ್ ಅರ್ಧವಾಗುತ್ತದೆ). 2019ರಲ್ಲಿ ಅದನ್ನೂ ಅರ್ಧ ಮಾಡಿ ಸ್ಲ್ಯಾಶ್ 23, ಅಂದರೆ 512ಕ್ಕೆ ಇಳಿಸಿದರು. ಅಮೆರಿಕದ ರಿಜಿಸ್ಟ್ರಿಯಲ್ಲಿ 2015ರಲ್ಲೇ ಖಾಲಿ, ಯೂರೋಪಿನದರಲ್ಲಿ 2019ರಲ್ಲಿ ಖಾಲಿ. ನಮ್ಮಲ್ಲಿ ಈ ರೇಷನ್ನಿಂದಾಗಿ ಹೊಸಬರಿಗೆ ಇನ್ನೂ ಚೂರುಪಾರು ಸಿಗುತ್ತಿದೆ.

ಹಳೆ ಕಂಪನಿಗಳ ಹತ್ತಿರ ಲಕ್ಷಗಟ್ಟಲೆ ವಿಳಾಸ ಇದೆ, ನಮಗೆ ಮಾತ್ರ 512 ಯಾಕೆ ಅಂತ ಕೇಳಿದರೆ, ಅನ್ಯಾಯವೇ. ಮೊದಲು ಬಂದವರು ಬಾಚಿಕೊಂಡರು. ಅದಕ್ಕೆ ಅರ್ಜಿಯಲ್ಲಿ ಪರಿಹಾರ ಇಲ್ಲ, ಸಿಗುವುದನ್ನು ಎಣಿಸಿ ಬಳಸುವುದರಲ್ಲಿ ಸ್ವಲ್ಪ ಇದೆ.

ಯಾರ ಹತ್ತಿರ ಕೇಳಬೇಕು

ಎರಡು ದಾರಿ ಇವೆ. ಒಂದು, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಅಪ್ನಿಕ್‌ನಲ್ಲೇ ನೇರ ಸದಸ್ಯರಾಗುವುದು. ಇನ್ನೊಂದು, ಐಆರ್‌ಐಎನ್‌ಎನ್. ಇದು ನಮ್ಮ ದೇಶದ ರಿಜಿಸ್ಟ್ರಿ, ಇಂಟರ್‌ನೆಟ್ ಎಕ್ಸ್‌ಚೇಂಜ್‌ಗಳನ್ನು ನಡೆಸುವ ನಿಕ್ಸಿ ಸಂಸ್ಥೆಯ ಕೆಳಗೆ 2012ರಿಂದ ನಡೆಯುತ್ತಿದೆ. ಅಪ್ನಿಕ್ ವ್ಯಾಪ್ತಿಯಲ್ಲಿ ಹೀಗೆ ದೇಶಮಟ್ಟದ ರಿಜಿಸ್ಟ್ರಿಗಳು ಏಳು ಇವೆ, ಅದರಲ್ಲಿ ನಮ್ಮದೊಂದು. ಚಿಕ್ಕವರಿಗೆ ನಾನು ಹೇಳುವುದು ಐಆರ್‌ಐಎನ್‌ಎನ್ ದಾರಿಯನ್ನೇ. ಶುಲ್ಕ ರೂಪಾಯಿಯಲ್ಲಿ ಕಟ್ಟಬಹುದು, ಡಾಲರ್ ಏರಿಳಿತದ ತಲೆನೋವಿಲ್ಲ, ಜಿಎಸ್‌ಟಿ ಬಿಲ್ ಬರುತ್ತದೆ, ಫೋನ್ ಮಾಡಿದರೆ ನಮ್ಮ ಸಮಯಕ್ಕೆ ಎತ್ತುತ್ತಾರೆ. ಶುಲ್ಕದ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ, ಅರ್ಜಿ ಹಾಕುವ ದಿನ ಅಲ್ಲಿಂದಲೇ ನೋಡಿಕೊಳ್ಳಿ, ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರೋ ಹಾಕಿದ ಹಳೆ ಪಿಡಿಎಫ್ ನಂಬಬೇಡಿ. ಹಾಗೇ, ನಾನು ಎಲ್ಲ ಮಾಡಿಸಿಕೊಡುತ್ತೇನೆ ಅಂತ ದೊಡ್ಡ ಮೊತ್ತ ಕೇಳುವ ಏಜೆಂಟರು ಸಿಗುತ್ತಾರೆ. ಅವರು ತುಂಬುವುದೂ ಇದೇ ಆನ್‌ಲೈನ್ ಫಾರ್ಮನ್ನೇ.

ಲೈಸೆನ್ಸ್ ಇಲ್ಲದೆ ಬೇರೆ ಐಎಸ್‌ಪಿಯ ಫ್ರಾಂಚೈಸಿ ಆಗಿ ನಡೆಸುತ್ತಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಗ್ರಾಹಕ ಕಾಗದದ ಮೇಲೆ ಅವರವನು, ನಿಮ್ಮವನಲ್ಲ. ದೂರಸಂಪರ್ಕ ಇಲಾಖೆಯ ಐಎಸ್‌ಪಿ ಲೈಸೆನ್ಸಿನಲ್ಲಿ ಎ, ಬಿ, ಸಿ ಅಂತ ಮೂರು ದರ್ಜೆ ಬಂದಿವೆ: ಎ ಇಡೀ ದೇಶಕ್ಕೆ, ಬಿ ಒಂದು ಟೆಲಿಕಾಂ ಸರ್ಕಲ್‌ಗೆ, ಸಿ ಅದಕ್ಕಿಂತ ಚಿಕ್ಕ ಒಂದು ಎಸ್‌ಎಸ್‌ಎ (ಸುಮಾರು ಜಿಲ್ಲೆಯಷ್ಟು ದೊಡ್ಡ ದೂರವಾಣಿ ವಿಭಾಗ) ಪ್ರದೇಶಕ್ಕೆ. 2023ರ ದೂರಸಂಪರ್ಕ ಕಾಯ್ದೆ ಬಂದಮೇಲೆ ಲೈಸೆನ್ಸ್ ಬದಲು ಅಥರೈಸೇಶನ್ ಅನ್ನುವ ವ್ಯವಸ್ಥೆಗೆ ಹೋಗುವ ಕೆಲಸ ಶುರುವಾಗಿದೆ, ಹಾಗಾಗಿ ಹೊಸದಾಗಿ ಹೋಗುವವರು ಇಲಾಖೆಯ ಈಗಿನ ನಿಯಮ ಓದಿಯೇ ಹೋಗಿ.

ಅರ್ಜಿ ನಿಲ್ಲುವುದು ದುಡ್ಡಿಗಲ್ಲ, ಪ್ಲಾನಿಗೆ

ಕಂಪನಿ ನೋಂದಣಿ, ಪ್ಯಾನ್, ಜಿಎಸ್‌ಟಿ, ಲೈಸೆನ್ಸ್ ಪ್ರತಿ, ಸಹಿ ಮಾಡುವವರ ಅಧಿಕಾರ ಪತ್ರ, ಇವೆಲ್ಲ ನಿಮ್ಮ ಆಡಿಟರ್ ಒಂದು ಮಧ್ಯಾಹ್ನದಲ್ಲಿ ಜೋಡಿಸಿಕೊಡುತ್ತಾರೆ. ಎಲ್ಲದರಲ್ಲೂ ಕಂಪನಿಯ ಹೆಸರು, ವಿಳಾಸ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಒಂದರಲ್ಲಿ ಎಂಟರ್‌ಪ್ರೈಸಸ್, ಇನ್ನೊಂದರಲ್ಲಿ ನೆಟ್‌ವರ್ಕ್ಸ್ ಅಂತ ಇದ್ದರೆ ಅಲ್ಲೇ ವಾಪಸ್. ಇಮೇಲ್ ಕೂಡ ಸ್ವಂತ ಡೊಮೇನಿನದೇ ಇರಲಿ. ಹುಡುಗ ಕೆಲಸ ಬಿಟ್ಟು ಹೋದಾಗ ಅವನ ಜಿಮೇಲ್ ಜೊತೆ ನಿಮ್ಮ ಲಾಗಿನ್ನೂ ಹೋಗಬಾರದು, ಅಲ್ವಾ?

ಪ್ರಶ್ನೆ ಮೇಲೆ ಪ್ರಶ್ನೆ ಬರುವುದು ನೆಟ್‌ವರ್ಕ್ ಪ್ಲಾನಿನ ಮೇಲೆ. 'ನಮಗೆ ಸಾವಿರ ಗ್ರಾಹಕರಿದ್ದಾರೆ, ಐಪಿ ಬೇಕು' ಅಂತ ಬರೆದರೆ ಆಗಲ್ಲ. ಯಾವ ವಿಳಾಸ ಎಲ್ಲಿ ಕೂರುತ್ತದೆ, ಈಗ ಎಷ್ಟು, ಒಂದು ವರ್ಷದಲ್ಲಿ ಎಷ್ಟು ಅನ್ನುವುದನ್ನು ತೋರಿಸಬೇಕು. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. 1800 ಮನೆ, 40 ಸ್ಟ್ಯಾಟಿಕ್ ಐಪಿ ಗ್ರಾಹಕರು ಇರುವ ನೆಟ್‌ವರ್ಕ್ ಅಂದುಕೊಳ್ಳಿ, ಕೈಯಲ್ಲಿ ಒಂದು ಸ್ಲ್ಯಾಶ್ 24, ಅಂದರೆ 256 ವಿಳಾಸ.

ಮೊದಲ 16 ವಿಳಾಸ ನಿಮ್ಮ ಸ್ವಂತ ಬಳಕೆಗೆ: ರೂಟರ್, ಡಿಎನ್‌ಎಸ್ (ಸೈಟಿನ ಹೆಸರನ್ನು ಐಪಿಗೆ ಬದಲಿಸುವ ಸರ್ವರ್), ರೇಡಿಯಸ್ (ಗ್ರಾಹಕರ ಲಾಗಿನ್ ನೋಡಿಕೊಳ್ಳುವ ಸರ್ವರ್), ಬಿಲ್ಲಿಂಗ್, ಮಾನಿಟರಿಂಗ್. ಮುಂದಿನ 64 ಸ್ಟ್ಯಾಟಿಕ್ ಗ್ರಾಹಕರಿಗೆ. ಇಲ್ಲೊಂದು ಹಳೆ ಚಾಳಿ ಬಿಡಬೇಕು. ಲೀಸ್ಡ್ ಲೈನ್ ಕಾಲದ ಅಭ್ಯಾಸದಂತೆ ಪ್ರತಿಯೊಬ್ಬರಿಗೂ ಸ್ಲ್ಯಾಶ್ 30 ಕೊಡುವವರು ಇನ್ನೂ ಇದ್ದಾರೆ. ಸ್ಲ್ಯಾಶ್ 30 ಅಂದರೆ ನಾಲ್ಕು ವಿಳಾಸ, ಗ್ರಾಹಕನಿಗೆ ಉಪಯೋಗ ಆಗುವುದು ಒಂದು. 40 ಗ್ರಾಹಕರಿಗೆ 160 ವಿಳಾಸ ಹೊಗೆ. ಅದರ ಬದಲು ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲೈನ್ ಸೇರುವ ವಿಧಾನ) ಮೇಲೆ ರೇಡಿಯಸ್‌ನಿಂದಲೇ ಆ ಗ್ರಾಹಕನಿಗೆ ಒಂದೇ ಒಂದು ಐಪಿ ಕಟ್ಟಿ ಕೊಡಿ, 40 ಜನಕ್ಕೆ 40 ಸಾಕು.

ಅದರ ನಂತರದ 64 ಸಿಜಿನ್ಯಾಟ್‌ಗೆ, ಅಂದರೆ ಒಂದು ಪಬ್ಲಿಕ್ ಐಪಿಯನ್ನು ಹಲವು ಮನೆಗೆ ಹಂಚುವ ವ್ಯವಸ್ಥೆಗೆ. ಮನೆಯ ಗ್ರಾಹಕರೆಲ್ಲ ಇದರ ಹಿಂದೆ. ಒಂದು ಪಬ್ಲಿಕ್ ಐಪಿಯಲ್ಲಿ ಮೊದಲ 1024 ಪೋರ್ಟ್ (ಒಂದೊಂದು ಕನೆಕ್ಷನ್ ಗುರುತಿಸುವ ನಂಬರ್) ಬಿಟ್ಟರೆ 64,512 ಪೋರ್ಟ್ ಉಳಿಯುತ್ತದೆ. 32 ಮನೆಗೆ ಒಂದು ಐಪಿ ಅಂತ ಹಂಚಿದರೆ ಮನೆಗೆ 2016 ಪೋರ್ಟ್. ಟಿವಿ, ನಾಲ್ಕು ಮೊಬೈಲ್, ಲ್ಯಾಪ್‌ಟಾಪ್ ಇರುವ ಮನೆಗೆ ಇದು ಆರಾಮಾಗಿ ಸಾಕು. 64 ಐಪಿಗೆ 32 ಮನೆಯಂತೆ 2048 ಮನೆ ಕೂರುತ್ತದೆ. ಕೆಲವರು ಒಂದು ಐಪಿಗೆ ಇನ್ನೂರು ಮುನ್ನೂರು ಮನೆ ತುರುಕುತ್ತಾರೆ. ಆಗ ಸಂಜೆ ಎಂಟರ ಹೊತ್ತಿಗೆ ಗೂಗಲ್ 'ನೀವು ರೋಬೋಟ್ ಅಲ್ಲ ತಾನೇ' ಅಂತ ಕೇಳಲು ಶುರು ಮಾಡುತ್ತದೆ, ಗೇಮ್ ಆಡುವ ಹುಡುಗರು ಫೋನ್ ಮಾಡಿ ಬೈಯುತ್ತಾರೆ. ಉಳಿದ 112 ವಿಳಾಸ ಮುಂದಿನ ಒಂದು ವರ್ಷದ ಬೆಳವಣಿಗೆಗೆ. ಯಾವ ಹಳ್ಳಿಗೆ, ಯಾವ ಒಎಲ್‌ಟಿಗೆ ಅಂತ ಬರೆಯಿರಿ.

ಒಳಗಿನ ಮನೆಗಳಿಗೆ 192.168 ಅಥವಾ 10ರ ಬದಲು 100.64.0.0/10 ಬಳಸಿ. 2012ರಲ್ಲಿ ಈ ಕೆಲಸಕ್ಕೆಂದೇ ತೆಗೆದಿಟ್ಟ ಬ್ಲಾಕ್ ಅದು, ಗ್ರಾಹಕನ ಮನೆಯ ವೈಫೈ ರೂಟರಿನ ವಿಳಾಸದ ಜೊತೆ ಡಿಕ್ಕಿ ಆಗುವುದಿಲ್ಲ.

ಈ ಲೆಕ್ಕದ ಜೊತೆ ಒಂದು ನೆಟ್‌ವರ್ಕ್ ಚಿತ್ರ, ರೂಟರ್ ಮತ್ತು ಒಎಲ್‌ಟಿ ಖರೀದಿ ಬಿಲ್, ಅಪ್‌ಸ್ಟ್ರೀಮ್ ಕಂಪನಿಗಳ ಒಪ್ಪಂದ ಇಡಿ. ಎಎಸ್ ನಂಬರಿಗೆ ನೀವು ಒಂದಕ್ಕಿಂತ ಹೆಚ್ಚು ನೆಟ್‌ವರ್ಕಿಗೆ ಸೇರುತ್ತೀರಿ ಅನ್ನುವುದು ಮುಖ್ಯ. ಎರಡು ಅಪ್‌ಸ್ಟ್ರೀಮ್, ಅಥವಾ ಒಂದು ಅಪ್‌ಸ್ಟ್ರೀಮ್ ಮತ್ತು ನೆಟ್‌ವರ್ಕುಗಳು ಪರಸ್ಪರ ಸೇರುವ ಬೆಂಗಳೂರಿನ ನಿಕ್ಸಿ ಎಕ್ಸ್‌ಚೇಂಜ್ ಹೀಗೆ. ಅವರಿಂದ ಪ್ರಶ್ನೆ ಬಂದರೆ ಗಾಬರಿ ಬೇಡ, ಸಿಟ್ಟೂ ಬೇಡ. ಕೇಳಿದ್ದಕ್ಕೆ ಮಾತ್ರ, ಅಂಕಿ ಸಮೇತ ಉತ್ತರ ಬರೆಯಿರಿ. ಇಲ್ಲದ ಗ್ರಾಹಕರನ್ನು ತೋರಿಸಲು ಹೋಗಬೇಡಿ. ಚಿತ್ರದಲ್ಲಿ ಒಂದೇ ಒಎಲ್‌ಟಿ ಇಟ್ಟು ಐದು ಸಾವಿರ ಮನೆ ಅಂದರೆ ನೋಡುವವರಿಗೆ ಗೊತ್ತಾಗುತ್ತದೆ.

ಐಪಿವಿ6 ಬೇಡ ಅನ್ನಬೇಡಿ

ಇದನ್ನು ಬಹಳ ಜನ ಫಾರ್ಮಿನಲ್ಲಿ ಬಿಟ್ಟೇ ಬಿಡುತ್ತಾರೆ, ಅಥವಾ ತೆಗೆದುಕೊಂಡು ಮೂಲೆಗೆ ಎಸೆಯುತ್ತಾರೆ. ದಡ್ಡತನ. ಐಎಸ್‌ಪಿಗೆ ಸಾಮಾನ್ಯವಾಗಿ ಸಿಗುವುದು ಸ್ಲ್ಯಾಶ್ 32. ಮನೆಗೊಂದು ಸ್ಲ್ಯಾಶ್ 56 ಕೊಟ್ಟರೂ 1.67 ಕೋಟಿ ಮನೆಗೆ ಸಾಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಮನೆಗಳೇ ಸುಮಾರು 1.3 ಕೋಟಿ. ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಮನೆಗೂ ನೀವೊಬ್ಬರೇ ವಿಳಾಸ ಕೊಡಬಹುದು!

ಲಾಭ ಸಿಜಿನ್ಯಾಟ್‌ನಲ್ಲಿ ಕಾಣುತ್ತದೆ. ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ನೆಟ್‌ಫ್ಲಿಕ್ಸ್ ಎಲ್ಲ ಐಪಿವಿ6ರಲ್ಲಿ ಸಲೀಸಾಗಿ ಓಡುತ್ತವೆ, ಮನೆಯ ಟ್ರಾಫಿಕ್ಕಿನಲ್ಲಿ ದೊಡ್ಡ ಪಾಲು ಇವುಗಳದ್ದೇ. ಅಷ್ಟೂ ಸಿಜಿನ್ಯಾಟ್ ಬಾಕ್ಸಿಗೆ ಹೋಗದೆ ನೇರ ಹೋದರೆ ಪೋರ್ಟ್ ಉಳಿಯುತ್ತದೆ, ಬರೆದಿಡಬೇಕಾದ ಲಾಗ್ ಕಡಿಮೆಯಾಗುತ್ತದೆ, ಆ ಬಾಕ್ಸ್ ಇನ್ನೂ ಎರಡು ವರ್ಷ ಬಾಳುತ್ತದೆ. ಇದೇನು ಪ್ರಯೋಗದ ವಿಷಯವೂ ಅಲ್ಲ. 2016ರಲ್ಲಿ ಶುರುವಾದ ಜಿಯೋ ಮೊದಲಿಂದಲೂ ಐಪಿವಿ6 ಮೇಲೆ ಓಡಿತು, ಇವತ್ತು ಐಪಿವಿ6 ಬಳಕೆಯಲ್ಲಿ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಭಾರತವೂ ಇದೆ. 2022ರ ಡಿಸೆಂಬರ್ 31ರ ನಂತರ ಕೊಡುವ ಹೊಸ ವೈರ್‌ಲೈನ್ ಕನೆಕ್ಷನ್ನುಗಳೆಲ್ಲ ಐಪಿವಿ6ಗೆ ಸಿದ್ಧವಿರಬೇಕು ಅಂತ ಇಲಾಖೆಯೇ ಹೇಳಿದೆ.

ತೊಂದರೆ ಬರುವುದು ಒಎನ್‌ಯುನಲ್ಲಿ, ಅಂದರೆ ಗ್ರಾಹಕನ ಮನೆಯಲ್ಲಿ ಫೈಬರ್ ಬಂದು ಸೇರುವ ಡಬ್ಬಿಯಲ್ಲಿ. ಅಗ್ಗದ ಒಎನ್‌ಯು ಡಬ್ಬಿಯ ಮೇಲೆ ಐಪಿವಿ6 ಅಂತ ಅಚ್ಚಾಗಿರುತ್ತದೆ, ಒಳಗೆ ಡಿಎಚ್‌ಸಿಪಿವಿ6 ಪ್ರಿಫಿಕ್ಸ್ ಡೆಲಿಗೇಶನ್ (ಮನೆಗೊಂದು ಐಪಿವಿ6 ಬ್ಲಾಕ್ ತಾನಾಗಿ ಕೊಡುವ ವಿಧಾನ) ಸರಿಯಾಗಿ ಓಡುವುದಿಲ್ಲ. ಐನೂರು ಪೀಸ್ ಆರ್ಡರ್ ಕೊಡುವ ಮೊದಲು ಒಂದು ಪೀಸ್ ತರಿಸಿ, ನಿಮ್ಮ ಮನೆಯಲ್ಲೇ ಹಾಕಿ, ಮೊಬೈಲಿಗೆ ಐಪಿವಿ6 ವಿಳಾಸ ಬರುತ್ತದಾ, ಕರೆಂಟ್ ಹೋಗಿ ಬಂದಮೇಲೂ ಬರುತ್ತದಾ ನೋಡಿ. ಹೊರಗಿನಿಂದ ಬರುವ ಕನೆಕ್ಷನ್ ತಡೆಯುವ ಫೈರ್‌ವಾಲ್ ಅದರಲ್ಲಿ ಆನ್ ಇದೆಯಾ ಅನ್ನುವುದನ್ನೂ ನೋಡಿ, ನ್ಯಾಟ್‌ನ ಮರೆ ಇಲ್ಲಿ ಇರುವುದಿಲ್ಲ.

ಬ್ಲಾಕ್ ಕೈಗೆ ಬಂತು, ಈಗ?

ಐಪಿ ಸಿಕ್ಕರೆ ಸಾಲದು, ಜಗತ್ತಿಗೆ ಅದು ನಿಮ್ಮ ಹತ್ತಿರ ಇದೆ ಅಂತ ಬಿಜಿಪಿಯಲ್ಲಿ (ಯಾವ ಬ್ಲಾಕ್ ಯಾರ ಹತ್ತಿರ ಅಂತ ನೆಟ್‌ವರ್ಕುಗಳು ಒಂದಕ್ಕೊಂದು ಹೇಳಿಕೊಳ್ಳುವ ವಿಧಾನದಲ್ಲಿ) ಸಾರಬೇಕು. ಅಪ್‌ಸ್ಟ್ರೀಮ್ ಕಂಪನಿಯ ಸೇಲ್ಸ್‌ನವರು 'ನಿಮ್ಮ ಪ್ಲಾನಿಗೆ ಬಿಜಿಪಿ ಬರಲ್ಲ ಸರ್' ಅನ್ನುವುದು ಮಾಮೂಲು. ಅದಕ್ಕೇ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೂರು ವಿಷಯ ಬರೆಸಿಕೊಳ್ಳಿ: ಬಿಜಿಪಿ ಸೆಷನ್ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡು ಇಲ್ಲ, ಹೊಸ ಬ್ಲಾಕ್ ಸೇರಿಸಿ ಅಂದರೆ ಇಂತಿಷ್ಟು ದಿನದಲ್ಲಿ ಫಿಲ್ಟರ್ ತೆರೆಯುತ್ತಾರೆ. ಸಹಿ ಆದಮೇಲೆ ಕೇಳಿದರೆ ಟಿಕೆಟ್ ನಂಬರ್ ಬರುತ್ತದೆ, ಕೆಲಸ ಆಗುವುದಿಲ್ಲ.

ಅವರು ನಿಮ್ಮಿಂದ ಎಲ್‌ಒಎ ಕೇಳುತ್ತಾರೆ. ಈ ಬ್ಲಾಕ್ ನಮ್ಮದು, ಇದನ್ನು ಸಾರಲು ನಿಮಗೆ ಒಪ್ಪಿಗೆ ಇದೆ ಅಂತ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ, ಅಷ್ಟೇ. ಜೊತೆಗೆ ರಿಜಿಸ್ಟ್ರಿಯಲ್ಲಿ ರೂಟ್ ಆಬ್ಜೆಕ್ಟ್ (ಈ ಬ್ಲಾಕನ್ನು ಈ ಎಎಸ್ ಸಾರುತ್ತದೆ ಅನ್ನುವ ನಮೂದು) ಮಾಡಿ, ಆರ್‌ಪಿಕೆಐನಲ್ಲಿ (ಡಿಜಿಟಲ್ ಸಹಿಯಿಂದ ಅದನ್ನು ದೃಢಪಡಿಸುವ ವ್ಯವಸ್ಥೆಯಲ್ಲಿ) ಆರ್‌ಒಎ ಮಾಡಿ. ಆರ್‌ಒಎ ಅಂದರೆ ಈ ಬ್ಲಾಕನ್ನು ಈ ಎಎಸ್ ನಂಬರ್ ಮಾತ್ರ ಸಾರಬಹುದು ಅನ್ನುವ ಸಹಿ ಮಾಡಿದ ದಾಖಲೆ.

ಇಲ್ಲಿ ಒಂದು ಗುಂಡಿ ಇದೆ, ಕಣ್ಣು ಬಿಟ್ಟು ನಡೆಯಿರಿ. ನಿಮಗೆ ಸ್ಲ್ಯಾಶ್ 23 ಸಿಕ್ಕಿದೆ, ಆರ್‌ಒಎಯನ್ನೂ ಸ್ಲ್ಯಾಶ್ 23ಕ್ಕೇ ಮಾಡಿದ್ದೀರಿ. ಆರು ತಿಂಗಳ ಮೇಲೆ ಟ್ರಾಫಿಕ್ ಸಮ ಮಾಡಲು ಅದನ್ನು ಎರಡು ಸ್ಲ್ಯಾಶ್ 24 ಆಗಿ ಒಡೆದು ಒಂದೊಂದನ್ನು ಒಂದೊಂದು ಅಪ್‌ಸ್ಟ್ರೀಮಿಗೆ ಸಾರುತ್ತೀರಿ. ಆ ಕ್ಷಣದಿಂದ ಅವೆರಡೂ ಇನ್‌ವ್ಯಾಲಿಡ್. ಆರ್‌ಪಿಕೆಐ ಪಾಲಿಸುವ ನೆಟ್‌ವರ್ಕುಗಳು ಆ ರೂಟನ್ನು ಎತ್ತಿ ಬಿಸಾಡುತ್ತವೆ. ನಿಮ್ಮ ರೂಟರಿನಲ್ಲಿ ಬಿಜಿಪಿ ಹಸಿರಾಗಿಯೇ ಕಾಣುತ್ತದೆ, ಪಿಂಗ್ ಕೆಲವು ಕಡೆ ಹೋಗುತ್ತದೆ, ಕೆಲವು ಸೈಟ್ ತೆರೆಯುತ್ತವೆ ಕೆಲವು ತೆರೆಯಲ್ಲ, ಇಡೀ ದಿನ ಡಿಎನ್‌ಎಸ್ ಮೇಲೆ ಅನುಮಾನ ಪಡುತ್ತಾ ಕೂರುತ್ತೀರಿ. ನಿಯಮ ಸುಲಭ: ನೀವು ನಿಜವಾಗಿ ಸಾರುವ ಪ್ರತಿಯೊಂದು ಗಾತ್ರಕ್ಕೂ ಒಂದೊಂದು ಆರ್‌ಒಎ ಮೊದಲೇ ಇರಲಿ, ಸಾರದೇ ಇರುವುದಕ್ಕೆ ಬೇಡ. ಸ್ಲ್ಯಾಶ್ 24ಕ್ಕಿಂತ ಚಿಕ್ಕದಾಗಿ ಒಡೆಯಬೇಡಿ, ಹೊರಗೆ ಯಾರೂ ಒಪ್ಪುವುದಿಲ್ಲ. ಐಪಿವಿ6ರಲ್ಲಿ ಆ ಗೆರೆ ಸ್ಲ್ಯಾಶ್ 48.

ಹೊರಹೋಗುವ ಕಡೆ ಫಿಲ್ಟರ್ ಹಾಕಿ, ನಿಮ್ಮ ಸ್ವಂತ ಬ್ಲಾಕ್ ಬಿಟ್ಟು ಬೇರೇನೂ ಹೊರಗೆ ಹೋಗಬಾರದು. ಇಲ್ಲದಿದ್ದರೆ ಒಂದು ಅಪ್‌ಸ್ಟ್ರೀಮ್‌ನಿಂದ ಕಲಿತ ರೂಟುಗಳನ್ನು ಇನ್ನೊಂದಕ್ಕೆ ಹೇಳಿಬಿಡುತ್ತೀರಿ, ಯಾರದೋ ಟ್ರಾಫಿಕ್ ನಿಮ್ಮ ಚಿಕ್ಕ ಲಿಂಕಿನ ಮೇಲೆ ಬಂದು ಬೀಳುತ್ತದೆ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹಾಕಿದ ಒಂದು ಸ್ಲ್ಯಾಶ್ 24 ಹೊರಗೆ ಸೋರಿ, ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಎರಡು ತಾಸಿನಷ್ಟು ಕಾಲ ಸಿಗದೆ ಹೋಗಿತ್ತು.

ರೂಟರಿಗೆ ಸುಮ್ನೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಇಡೀ ಜಗತ್ತಿನ ಐಪಿವಿ4 ಟೇಬಲ್ ಈಗ ಸುಮಾರು 10 ಲಕ್ಷ ರೂಟ್. ಎರಡು ಅಪ್‌ಸ್ಟ್ರೀಮ್ ಇರುವ ಚಿಕ್ಕವರಿಗೆ ಅದು ಬೇಕಾಗಿಯೇ ಇಲ್ಲ, ಇಬ್ಬರಿಂದಲೂ ಡಿಫಾಲ್ಟ್ ರೂಟ್ ('ಉಳಿದದ್ದೆಲ್ಲ ಇತ್ತ ಕಳಿಸಿ' ಅನ್ನುವ ಒಂದೇ ಸಾಲು) ತೆಗೆದುಕೊಂಡು ಎಕ್ಸ್‌ಚೇಂಜ್‌ನ ರೂಟುಗಳನ್ನು ಮೇಲೆ ಸೇರಿಸಿಕೊಂಡರೆ ಮೈಕ್ರೋಟಿಕ್‌ನ ಸಿಸಿಆರ್ ಬಾಕ್ಸ್ ಸಾಕು. ಸ್ವಂತ ಎಎಸ್ ನಂಬರ್ ಇದ್ದರೆ ದೊಡ್ಡ ಕಂಟೆಂಟ್ ಕಂಪನಿಗಳ ಜೊತೆ ಎಕ್ಸ್‌ಚೇಂಜ್‌ನಲ್ಲಿ ನೇರ ಪಿಯರಿಂಗ್ (ನಡುವೆ ಅಪ್‌ಸ್ಟ್ರೀಮ್ ಇಲ್ಲದೆ ಟ್ರಾಫಿಕ್ ಬದಲಿಸಿಕೊಳ್ಳುವುದು) ಕೇಳಲೂ ಬಾಗಿಲು ತೆರೆಯುತ್ತದೆ. ಅದಕ್ಕೆ ನೆಟ್‌ವರ್ಕುಗಳ ಪಟ್ಟಿ ಇರುವ ಪಿಯರಿಂಗ್‌ಡಿಬಿ ಸೈಟಿನಲ್ಲಿ ನಿಮ್ಮ ವಿವರ ಹಾಕಿಡಿ, ಅದು ಉಚಿತ.

ಮೊದಲ ವಾರ ಬರುವ ಫೋನ್‌ಗಳ ವಿಷಯ ಬೇರೆ. ಒಟಿಟಿಯಲ್ಲಿ 'ನಿಮ್ಮ ದೇಶದಲ್ಲಿ ಲಭ್ಯವಿಲ್ಲ', ಬ್ಯಾಂಕ್ ಆ್ಯಪ್ ತೆರೆಯಲ್ಲ. ಹೊಸ ಬ್ಲಾಕ್ ಯಾವ ಊರಿನದು ಅಂತ ಜಿಯೋಲೊಕೇಶನ್ ಡೇಟಾಬೇಸ್‌ಗಳಿಗೆ ಇನ್ನೂ ಗೊತ್ತಿರುವುದಿಲ್ಲ, ಅಥವಾ ಆ ವಿಳಾಸ ಹಿಂದೆ ಇನ್ನಾರದೋ ಕೈಯಲ್ಲಿದ್ದು ವಾಪಸ್ ಬಂದದ್ದಿರಬಹುದು. ಇಂಥ ಡೇಟಾಬೇಸ್ ನಡೆಸುವ ಮ್ಯಾಕ್ಸ್‌ಮೈಂಡ್‌ನಂಥವರಿಗೆ ತಿದ್ದುಪಡಿ ಕಳಿಸಿ, ಸ್ಪ್ಯಾಮ್ ಕಳಿಸುವ ಐಪಿಗಳ ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲಿ ನಿಮ್ಮ ಬ್ಲಾಕ್ ಇದೆಯಾ ನೋಡಿ, ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ತೋರಿಸುವ ದಾಖಲೆ) ಹಾಕಿ. ಗ್ರಾಹಕರನ್ನು ಹೊಸ ಬ್ಲಾಕಿಗೆ ಸಾಗಿಸುವುದಕ್ಕೆ ಎರಡು ವಾರ ಮೊದಲೇ ಇದನ್ನು ಮಾಡಿಡಿ.

ಬಾಡಿಗೆ ಅಥವಾ ಖರೀದಿ

512 ಸಾಲದಾದಾಗ ಬ್ರೋಕರ್‌ಗಳ ಫೋನ್ ಶುರುವಾಗುತ್ತದೆ. ಐಪಿವಿ4 ಮಾರಾಟ ಕಳ್ಳದಂಧೆ ಏನಲ್ಲ, 2011ರಲ್ಲೇ ದಿವಾಳಿಯಾದ ನಾರ್ಟೆಲ್ ಕಂಪನಿಯ 6.66 ಲಕ್ಷ ವಿಳಾಸವನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರ್‌ಗೆ ಕೊಂಡಿತ್ತು. ಬಾಡಿಗೆ ಲೆಕ್ಕ ಹಾಕಿ ನೋಡಿ: ವಿಳಾಸಕ್ಕೆ ತಿಂಗಳಿಗೆ ಅರ್ಧ ಡಾಲರ್ ಅಂದುಕೊಂಡರೂ 256ಕ್ಕೆ 128 ಡಾಲರ್, ತಿಂಗಳಿಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಮತ್ತೆ ಅದು ನಿಮ್ಮದಲ್ಲ, ಕೊಟ್ಟವನು ವಾಪಸ್ ಕೇಳಿದರೆ ಹಳೆ ಕಥೆಯೇ. ನನ್ನ ಪ್ರಕಾರ ಐಪಿವಿ6 ಆನ್ ಮಾಡಿ, ಸಿಜಿನ್ಯಾಟ್ ಸರಿ ಮಾಡಿ, ಆಮೇಲೂ ಸಾಲದಿದ್ದರೆ ಮಾತ್ರ ಬ್ರೋಕರ್ ಮಾತು. ಕೊಳ್ಳುವುದೇ ಆದರೆ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರಿಗೆ ವರ್ಗ ಆದಮೇಲೆ ದುಡ್ಡು ಕೈಬಿಡಿ, ನಡುವೆ ಎಸ್ಕ್ರೋ (ವರ್ಗ ಆಗುವವರೆಗೆ ದುಡ್ಡು ಹಿಡಿದಿಡುವ ಮೂರನೆಯವರು) ಇರಲಿ. ಅಪ್ನಿಕ್‌ನ ಕೊನೆಯ 103 ಬ್ಲಾಕಿನಿಂದ ಪಡೆದ ವಿಳಾಸವನ್ನು ಐದು ವರ್ಷ ಬೇರೆಯವರಿಗೆ ವರ್ಗ ಮಾಡುವಂತಿಲ್ಲ. ಹೊಸದಾಗಿ ಸಿಕ್ಕ 103 ಬ್ಲಾಕನ್ನೇ ಈಗಲೇ ಮಾರುತ್ತೇನೆ ಅನ್ನುವವನನ್ನು ಬಾಗಿಲಿಂದಲೇ ಕಳಿಸಿ.

ಲಾಗ್ ಮತ್ತು ಪೊಲೀಸ್ ನೋಟಿಸ್

ಸ್ವಂತ ಐಪಿ ಬಂದಮೇಲೆ ಸೈಬರ್ ಠಾಣೆಯ ಪತ್ರ ಅಪ್‌ಸ್ಟ್ರೀಮ್‌ಗೆ ಹೋಗಲ್ಲ, ನೇರ ನಿಮಗೇ ಬರುತ್ತದೆ. ಈ ಐಪಿ, ಈ ದಿನ, ಈ ಸಮಯ, ಯಾರು? 32 ಮನೆ ಒಂದೇ ಐಪಿ ಹಿಂದೆ ಇರುವಾಗ ಪೋರ್ಟ್ ನಂಬರ್ ಇಲ್ಲದೆ ಉತ್ತರ ಹೇಳಲು ಬರುವುದಿಲ್ಲ. ಪತ್ರದಲ್ಲಿ ಪೋರ್ಟ್ ಇಲ್ಲದಿದ್ದರೆ ಅದನ್ನು ಕೊಡಿ ಅಂತ ಲಿಖಿತವಾಗಿ ಮರುಉತ್ತರ ಬರೆಯಿರಿ, ಸಮಯ ಭಾರತದ್ದೋ ಯುಟಿಸಿಯೋ (ಅಂತಾರಾಷ್ಟ್ರೀಯ ಸಮಯವೋ) ಅಂತಲೂ ಕೇಳಿ. ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ಬೇರೆ ಮನೆಯವರ ಹೆಸರು ಹೋಗಿಬಿಡುತ್ತದೆ. ಲಾಗ್‌ಗಳನ್ನು ಎರಡು ವರ್ಷ ಇಡಬೇಕು ಅಂತ 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಷರತ್ತು ಬದಲಾಗಿದೆ, ಮೊದಲು ಒಂದು ವರ್ಷ ಇತ್ತು. ಪ್ರತಿ ಕನೆಕ್ಷನ್ನಿನ ನ್ಯಾಟ್ ಸಾಲು ಬರೆದರೆ ಡಿಸ್ಕ್ ಬೇಗ ತುಂಬುತ್ತದೆ. ಮನೆಗಿಷ್ಟು ಪೋರ್ಟ್ ಅಂತ ಮೊದಲೇ ಕಟ್ಟಿದರೆ ಯಾವ ಪೋರ್ಟ್ ಯಾವ ಮನೆಯದು ಅನ್ನುವುದು ಲೆಕ್ಕದಿಂದಲೇ ಸಿಗುತ್ತದೆ. ಹಾಗಂತ ಷರತ್ತು ಕೇಳುವ ಬೇರೆ ದಾಖಲೆಗಳನ್ನು ಬಿಡುವ ಹಾಗಿಲ್ಲ. ಸರ್ವರ್ ಗಡಿಯಾರವನ್ನು ನೆಟ್ಟಿನಿಂದ ನಿಖರ ಸಮಯ ಕೊಡುವ ಎನ್‌ಟಿಪಿಗೆ ಕಟ್ಟಿಡಿ.

ವರ್ಷಕ್ಕೊಮ್ಮೆ ರಿಜಿಸ್ಟ್ರಿಯ ನವೀಕರಣ ಶುಲ್ಕ ಕಟ್ಟಬೇಕು, ಕಟ್ಟದೆ ಬಿಟ್ಟರೆ ಬ್ಲಾಕ್ ವಾಪಸ್ ಹೋಗುತ್ತದೆ. ರಿಜಿಸ್ಟ್ರಿಯಲ್ಲಿ ಕೊಟ್ಟಿರುವ ಅಬ್ಯೂಸ್ (ದೂರು ಕಳಿಸುವ) ಇಮೇಲ್ ಕೂಡ ಜೀವಂತ ಇರಬೇಕು. ಆಗಾಗ ಪರಿಶೀಲನೆಯ ಮೇಲ್ ಅದಕ್ಕೇ ಬರುತ್ತದೆ, ಹೊರಗಿನವರು ನಿಮ್ಮ ನೆಟ್‌ವರ್ಕಿನ ವೈರಸ್ ಹಿಡಿದ ಸಿಸಿಟಿವಿ ಡಿವಿಆರ್ ಬಗ್ಗೆ ದೂರು ಬರೆಯುವುದೂ ಅದಕ್ಕೇ. ಅದನ್ನು ಕಂಪನಿಯ ಇಬ್ಬರ ಫೋನಿನಲ್ಲಿ ಹಾಕಿಡಿ, ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು ನೋಡಲಿ.